ಅಮ್ಮನ ಮುಖ ಪರದೆ ತುಂಬಿದ ಸಂಜೆ

ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದ ಅವಳಿಗೆ ಬಾಯಿಮಾತಿಗಿಂತ ಮೊದಲು ಬಂದದ್ದು ಕೈಮಾತು. ಅಪ್ಪ, ಅಮ್ಮ ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಬಾಗಿಲಿಗೆ ಬಂದವರು ಹೇಳಿದ್ದನ್ನು ಕೈಗೆ ತರುವುದು, ಅಮ್ಮನ ಕೈ ಹೇಳಿದ್ದನ್ನು ಬಾಯಿಗೆ ತರುವುದು ಚಿಕ್ಕಂದಿನಿಂದಲೂ ಅವಳ ಪಾಲಿನ ಕೆಲಸ. ಅಮ್ಮ ಅಂಗಡಿಯವನ ಜೊತೆ ಜಗಳಕ್ಕೆ ನಿಂತರೆ ಬೈಗುಳವನ್ನೂ ಇವಳೇ ಬೈಯಬೇಕು. ಅರ್ಧ ನುಂಗಿಕೊಂಡು ಉಳಿದರ್ಧ ಹೇಳುತ್ತಿದ್ದಳು. ಕೈಮಾತಿನಲ್ಲಿ ಅವಳ ಹೆಸರು ಜಡೆ. ಭುಜದ ಮೇಲಿಂದ ಎರಡು ಬೆರಳು ಕೆಳಗೆಳೆದರೆ ಅವಳು.

ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ತಾಯಿ, ಮಗಳು. ಅಮ್ಮ ಮುದ್ರಣಾಲಯವೊಂದರಲ್ಲಿ ಪುಸ್ತಕಗಳಿಗೆ ಹೊಲಿಗೆ ಹಾಕುತ್ತಿದ್ದವಳು. ಮಂಡಿನೋವು ಹೆಚ್ಚಾಗಿ ಆ ಕೆಲಸ ಬಿಟ್ಟಳು. ಕಿವಿ ಕೇಳದವರ ಶಾಲೆಯ ಹಳೆಯ ಸ್ನೇಹಿತರನ್ನು ನೋಡಲು ಬಸ್ಸು ಹತ್ತುವುದೂ ನಿಂತುಹೋಯಿತು. ಫೋನಿನಲ್ಲಿ ಅಕ್ಷರ ಒತ್ತಿ ಕಳಿಸಿದರೆ ಮಾತಾಡಿದ ಹಾಗಾಯಿತೇ ಎಂದು ಮುಖ ತಿರುಗಿಸುತ್ತಿದ್ದಳು.

ಮಗಳು ಆನ್‌ಲೈನ್ ಸಭೆಯೊಂದನ್ನು ಏರ್ಪಡಿಸಿದಳು. ಗಡಿಯಾರ ರಿಪೇರಿ ಮಾಡುವ ಗೆಳತಿ, ಇಸ್ತ್ರಿ ಅಂಗಡಿಯವನು, ಇನ್ನೂ ಕೆಲವರು ಪರದೆಯ ಮೇಲೆ ಸೇರಿದರು. ಆದರೆ ಆ ತಂತ್ರಾಂಶ ಸದ್ದು ಬಂದ ಕಡೆಯ ಮುಖವನ್ನೇ ದೊಡ್ಡದು ಮಾಡುತ್ತಿತ್ತು. ಅಮ್ಮ ಕೈತುಂಬ ಕಥೆ ಹೇಳುತ್ತಿದ್ದಾಗ ಇಸ್ತ್ರಿಯವನ ಬೀದಿಯಲ್ಲಿ ನಾಯಿ ಬೊಗಳಿತು. ಮೂಗು ಕೆರೆದುಕೊಳ್ಳುತ್ತಿದ್ದ ಅವನ ಮುಖ ಪರದೆ ತುಂಬಿತು. ಅಮ್ಮ ಮೂಲೆಯಲ್ಲಿ ಅಂಚೆಚೀಟಿಯಷ್ಟಾದಳು.

“ಇಲ್ಲೂ ಸದ್ದು ಮಾಡಿದವ್ರೇ ದೊಡ್ಡವ್ರಾ?” ಎಂದು ಅವಳ ಕೈ ಕೇಳಿತು.

ಲ್ಯಾಬಿನಲ್ಲಿ ಪಾಠಕ್ಕೆ ಬಳಸುತ್ತಿದ್ದ ಬೇರೊಂದು ತಂತ್ರಾಂಶ ಮಗಳಿಗೆ ನೆನಪಾಯಿತು. ಅದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ತಮ್ಮ ಕಂಪ್ಯೂಟರಿನಲ್ಲಿ ಹಾಕಿಕೊಂಡು ಸಭೆ ನಡೆಸಬಹುದು. ಅದರ ಒಳಗಿನ ಬರಹವನ್ನು ಓದಬಹುದು, ತಿದ್ದಬಹುದು. ಮೇಲಿನವರನ್ನು ಕೇಳಿ, ಲ್ಯಾಬಿನ ಮೂಲೆಗೆ ಬಿದ್ದಿದ್ದ ಹಳೆಯ ಕಂಪ್ಯೂಟರನ್ನು ಮನೆಗೆ ಹೊತ್ತು ತಂದಳು. ಅವಳೇನೂ ಪಳಗಿದ ಪ್ರೋಗ್ರಾಮರ್ ಅಲ್ಲ. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಕೆಡುತ್ತಿತ್ತು. ಅದನ್ನು ಬರೆಯುವವರು ಸೇರುವ ಜಾಲತಾಣದಲ್ಲಿ ಕೇಳಿದಾಗ, ಎಂದೂ ಮುಖ ಕಾಣದ ಯಾರೋ ಒಬ್ಬರು ಬೇಸರಿಸದೆ ದಾರಿ ತೋರಿಸಿದರು. ಕೊನೆಗೂ ಅದು ಸದ್ದಿಗೆ ಕಿವಿಗೊಡುವುದನ್ನು ಬಿಟ್ಟಿತು. ಕೈಯ ಚಿತ್ರವಿದ್ದ ಗುಂಡಿ ಒತ್ತಿದವರ ಮುಖ ಎಲ್ಲರ ಪರದೆಯಲ್ಲೂ ದೊಡ್ಡದಾಗುತ್ತಿತ್ತು.

ಆಮೇಲೆ ಭಾನುವಾರದ ಸಂಜೆಗಳಲ್ಲಿ ಅಮ್ಮನನ್ನು ಹಿಡಿಯುವವರೇ ಇರಲಿಲ್ಲ. ಶಾಲೆಯಲ್ಲಿ ಯಾರು ಯಾರ ತಿಂಡಿ ಕದ್ದರು ಎಂಬ ಜಗಳ ಮತ್ತೆ ಶುರುವಾಯಿತು. ಗಡಿಯಾರದ ಗೆಳತಿ ಗುಂಡಿ ಬಿಟ್ಟುಕೊಡುವುದಿಲ್ಲವೆಂದು ಮಗಳ ಬಳಿ ದೂರು. ನಗು ಬಂದರೆ ಅಮ್ಮ ಮೇಜು ಗುದ್ದುತ್ತಿದ್ದಳು, ಲೋಟಗಳು ಕುಣಿಯುತ್ತಿದ್ದವು.

ಹಾಗಿರುವಾಗ ಒಂದು ಬೆಳಿಗ್ಗೆ ಅಮ್ಮನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. ಎಡಗೈ ಆಡುತ್ತಿತ್ತು, ಆದರೆ ಮಾತು ಕೂಡುತ್ತಿರಲಿಲ್ಲ. ನೀರು ಕೇಳಹೊರಟ ಬೆರಳುಗಳು ಬಾಗಿಲು ಎಂದು ಹೇಳಿ, ತಪ್ಪಾಯಿತೆಂದು ತಿಳಿದು, ಗಾಳಿಯಲ್ಲೇ ನಿಲ್ಲುತ್ತಿದ್ದವು. ಆಸ್ಪತ್ರೆಯ ಡಾಕ್ಟರು ಸಮಾಧಾನ ಹೇಳಲೆಂದೇ ಹೇಳಿದರು: “ಬೇರೆಯವ್ರಿಗಾದ್ರೆ ಮಾತೇ ಹೋಗ್ಬಿಡುತ್ತೆ. ಇವ್ರಿಗೆ ಆ ಚಿಂತೆ ಇಲ್ವಲ್ಲ.”

ಏನು ಹೇಳಿದರೆಂದು ಅಮ್ಮ ಹುಬ್ಬೆತ್ತಿ ಕೇಳಿದಳು. ಮಗಳು ಎರಡೂ ಕೈಯಿಂದ ಮಂಚದ ಕಂಬಿ ಹಿಡಿದುಕೊಂಡು ನಿಂತಳು.

ಮನೆಗೆ ಬಂದ ಮೇಲೆ ಅಮ್ಮ ಕ್ಯಾಮೆರಾದ ಮುಂದೆ ಕೂರಲು ಒಪ್ಪಲಿಲ್ಲ. ಸ್ನೇಹಿತರು ವಾರವಾರವೂ ಕಾದರು. ಮಗಳು ಪಕ್ಕದ ಕೋಣೆಯಲ್ಲಿ ಕೂತು ಅವರಿಗೆ ಸುದ್ದಿ ಹೇಳಿ ಮುಗಿಸುತ್ತಿದ್ದಳು. ಒಂದು ಸಂಜೆ ಅಮ್ಮ ತಾನಾಗಿಯೇ ಬಾಚಣಿಗೆ ತೋರಿಸಿದಳು. ಮಗಳು ತಲೆ ಬಾಚಿ, ಕುರ್ಚಿಯನ್ನು ಮೇಜಿಗೆ ಒತ್ತಿಟ್ಟು ಕೂರಿಸಿದಳು. ಅಮ್ಮ ಎಡಗೈಯಿಂದ, ತಡಕಾಡಿ, ತಾನೇ ಗುಂಡಿ ಒತ್ತಿದಳು. ಅವಳ ಮುಖ ಎಲ್ಲರ ಪರದೆ ತುಂಬಿತು.

ಎಲ್ಲರೂ ಕೈ ಕೆಳಗಿಳಿಸಿ ನೋಡಿದರು. ಅಮ್ಮನ ಕೈ ಎದೆಯ ಹತ್ತಿರ ಹೋಯಿತು, ಹಣೆಗೆ ಬಂತು, ಮುಂದಕ್ಕೆ ಚಾಚಿತು. ಯಾರಿಗೂ ತಿಳಿಯಲಿಲ್ಲ. ಅವಳು ಮತ್ತೆ ಮೊದಲಿನಿಂದ ಹೇಳಿದಳು. ಮುಖದಲ್ಲಿ ಎಲ್ಲವೂ ಇತ್ತು, ತುರ್ತೂ ಇತ್ತು. ಕೈಯಲ್ಲಿ ಮಾತ್ರ ಮಾತಿರಲಿಲ್ಲ. ಆಗ ಇಸ್ತ್ರಿಯವನು ನಗುತ್ತ ತಲೆಯಾಡಿಸಿದ. ಹೌದು ಹೌದು, ತಿಳಿಯಿತು ಎಂದು. ಅವನನ್ನು ನೋಡಿ ಉಳಿದವರೂ ಆಡಿಸಿದರು.

ಆ ತಲೆಯಾಟ ಅಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಬಾಯಾಡಿಸುವ ಜನರ ಮುಂದೆ, ಒಂದಕ್ಷರ ತಿಳಿಯದಿದ್ದರೂ, ಅವರಿಗೆ ಬೇಸರವಾಗದಿರಲೆಂದು ಜೀವನವಿಡೀ ಅವಳೇ ಆಡಿಸಿದ್ದ ತಲೆ ಅದು. ತನ್ನವರೂ ತನ್ನ ಮುಂದೆ ಹಾಗೆ ಆಡಿಸುವ ದಿನ ಬರುತ್ತದೆಂದು ಅಂದುಕೊಂಡಿರಲಿಲ್ಲ. ಅಂಗೈಯಿಂದ ಕ್ಯಾಮೆರಾ ಮುಚ್ಚಿದಳು. ಮಗಳು ಸಭೆ ನಿಲ್ಲಿಸುವವರೆಗೂ ಆ ಕೈ ತೆಗೆಯಲಿಲ್ಲ.

ಅಮ್ಮ ಮತ್ತೆ ಆ ಕುರ್ಚಿಗೆ ಬರಲೇ ಇಲ್ಲ. ಮುಂದಿನ ಚಳಿಗಾಲದಲ್ಲಿ, ಮಧ್ಯಾಹ್ನದ ನಿದ್ದೆಯಲ್ಲೇ ಹೋದಳು.

ಕೊನೆಯ ಸಲ ಮುಖ ನೋಡಲು ಬರಲಾಗದ ಸ್ನೇಹಿತರಿಗಾಗಿ ಮಗಳು ಆ ಭಾನುವಾರ ಸಭೆ ತೆರೆದಳು. ಎಲ್ಲರೂ ಬಂದು ಕೂತರು, ಗುಂಡಿಯನ್ನು ಯಾರೂ ಮುಟ್ಟಲಿಲ್ಲ. ಎಲ್ಲರ ಮುಖವೂ ಚಿಕ್ಕದಾಗಿಯೇ ಇತ್ತು. ಕೊನೆಗೆ ಇಸ್ತ್ರಿಯವನು ಒತ್ತಿದ.

“ನಾನು ತಲೆ ಆಡಿಸ್ಬಾರ್ದಿತ್ತು. ತಿಳೀಲಿಲ್ಲ, ಇನ್ನೊಂದ್ಸಲ ಹೇಳು ಅನ್ಬೇಕಿತ್ತು,” ಎಂದ. “ಅವತ್ತು ಅವಳು ಹೇಳಿದ್ದೇನು ಜಡೆ? ನೀನು ಮಗಳು, ನಿನಗೆ ಗೊತ್ತಾಗಿರುತ್ತೆ.”

“ನನಗೂ ಗೊತ್ತಾಗ್ಲಿಲ್ಲ ಮಾವ,” ಎಂದಳು ಅವಳು.

ಸಭೆ ನಡೆಸುತ್ತಿದ್ದ ಆ ಹಳೆಯ ಕಂಪ್ಯೂಟರನ್ನು ನಿಲ್ಲಿಸಿಬಿಡೋಣವೆಂದು ಅವಳಿಗೆ ಅನಿಸಿತ್ತು. ಗಡಿಯಾರದ ಗೆಳತಿ ಬೇಡವೆಂದು ಅಂಗಲಾಚಿದ್ದರಿಂದ ಬಿಟ್ಟಳು. ಈಗಲೂ ಅದು ನಡೆಯುತ್ತಿದೆ.

ಸ್ವಲ್ಪ ಕಾಲದ ಮೇಲೆ, ಅವಳು ತಿದ್ದಿದ್ದನ್ನು ಮೂಲ ತಂತ್ರಾಂಶಕ್ಕೇ ಸೇರಿಸಿಕೊಂಡಿರುವುದಾಗಿ ಅದನ್ನು ಬರೆಯುವವರು ತಿಳಿಸಿದರು. ಎಲ್ಲೆಲ್ಲಿಯದೋ ಕಿವಿ ಕೇಳದವರು ಇನ್ನು ಗುಂಡಿಯೊತ್ತಿ ದೊಡ್ಡದಾಗಿ ಕಾಣಿಸಿಕೊಳ್ಳಬಹುದು. ಅದನ್ನು ಓದಿದ ಕೂಡಲೇ ಅವಳು ಎದ್ದು, ಹೇಳಲೆಂದು ಎರಡೂ ಕೈಯೆತ್ತಿಕೊಂಡು ಅಡುಗೆಮನೆಯ ಕಡೆ ತಿರುಗಿದಳು. ಕೈಗಳು ಮೊದಲ ಪದವನ್ನು ಹೇಳಿಯೂ ಬಿಟ್ಟಿದ್ದವು. ಆ ಮನೆಯಲ್ಲಿ ಆ ಭಾಷೆ ಬಲ್ಲವರು ಬೇರೆ ಯಾರೂ ಇರಲಿಲ್ಲ.