ಪೇಡಾನ ಹಗ್ಗ ಮತ್ತು ನನ್ನ ನಮಸ್ಕಾರ

ದೇವರಿಗೆ ಕೈ ಮುಗಿಯಲು ಎರಡು ಕೈ ಬೇಕು, ನಾಯಿಯ ಹಗ್ಗ ಹಿಡಿಯಲು ಒಂದಾದರೂ ಬೇಕು. ಇಷ್ಟು ಲೆಕ್ಕ ಹತ್ತು ವರ್ಷದ ನನ್ನ ಮಗಳಿಗೂ ಬರುತ್ತಿತ್ತು. ಹದಿನೆಂಟು ವರ್ಷ ಇಂಜಿನಿಯರ್ ಆಗಿದ್ದ ನನಗೆ ಬರಲಿಲ್ಲ. ಈ ಸಂಗತಿಯನ್ನು ನಾನು ಒಬ್ಬ ಗೆಳೆಯನನ್ನು ಬಿಟ್ಟು ಇವತ್ತಿನವರೆಗೆ ಯಾರ ಮುಂದೆಯೂ ಬಾಯಿಬಿಟ್ಟು ಹೇಳಿಲ್ಲ. ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

ಅದು ರಿಸೆಷನ್ನಿನ ಕಾಲ. ಡೆಟ್ರಾಯಿಟ್ ಸುತ್ತಮುತ್ತ ಕಾರನ್ನು ನಂಬಿಕೊಂಡವರೆಲ್ಲ ಒಬ್ಬೊಬ್ಬರಾಗಿ ಮನೆ ಸೇರುತ್ತಿದ್ದರು. ಬ್ರೇಕಿನ ಬಿಡಿಭಾಗ ಮಾಡುತ್ತಿದ್ದ ನಮ್ಮ ಕಂಪನಿಯೂ ಒಂದು ಸೋಮವಾರ ಮೇಜಿನ ಸಾಮಾನು ತುಂಬಿಕೊಳ್ಳಲು ನನ್ನ ಕೈಗೆ ರಟ್ಟಿನ ಪೆಟ್ಟಿಗೆ ಕೊಟ್ಟು ಮನೆಗೆ ಕಳಿಸಿತು. ಹೆಂಡತಿ ಸುಮಾ ಆಸ್ಪತ್ರೆಯ ಲ್ಯಾಬಿಗೆ ಹೋಗುತ್ತಿದ್ದಳು, ಮಗಳು ಅನಘಾ ಸ್ಕೂಲಿಗೆ ಹೋಗುತ್ತಿದ್ದಳು, ನಾನು ಅಡುಗೆಮನೆಯಿಂದ ಹಾಲಿಗೆ ಹೋಗುತ್ತಿದ್ದೆ. ನಾವಿದ್ದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಕಾರಿಲ್ಲದೆ ಯಾರೂ ಹೊರಗೆ ಬೀಳುವುದಿಲ್ಲ. ವಾರದ ನಡುವೆ ಬೆಳಗ್ಗೆ ಹತ್ತು ಗಂಟೆಗೆ ಒಬ್ಬ ಗಂಡಸು ಸುಮ್ಮನೆ ರಸ್ತೆಯಲ್ಲಿ ನಡೆದು ಹೋದರೆ ಅವನ ಕೆಲಸ ಹೋಗಿದೆ ಎಂದು ಇಡೀ ಬಡಾವಣೆಗೆ ಗೊತ್ತಾಗುತ್ತದೆ. ಅದೇ ಗಂಡಸಿನ ಮುಂದೆ ಒಂದು ನಾಯಿಯಿದ್ದರೆ ಅವನು ಮರ್ಯಾದಸ್ಥ.

ನನ್ನ ಮರ್ಯಾದೆಯ ಹೆಸರು ಪೇಡಾ. ಅದು ಗೆಳೆಯ ಬಸವರಾಜನ ನಾಯಿ. ಮೈಬಣ್ಣ ಅವನ ಊರಾದ ಧಾರವಾಡದ ಪೇಡೆಯದೇ ಆದ್ದರಿಂದ ಆ ಹೆಸರು. ಬಸವರಾಜನಿಗೂ ಅದೇ ಸೋಮವಾರ ಅದೇ ಪೆಟ್ಟಿಗೆ ಸಿಕ್ಕಿತ್ತು. ಆದರೆ ಅವನು ಚುರುಕು. ಮೂರೇ ವಾರದಲ್ಲಿ ಅರಿಜೋನಾದ ಮರುಭೂಮಿಯಲ್ಲಿ ಒಂದು ಕಾಂಟ್ರ್ಯಾಕ್ಟ್ ಹುಡುಕಿಕೊಂಡ. ಸಿಕ್ಕ ಅಪಾರ್ಟ್‌ಮೆಂಟಿನಲ್ಲಿ ನಾಯಿ ಸಾಕುವಂತಿರಲಿಲ್ಲ. "ಮೂರ್ತಿಯವರ, ನೀವು ಹೆಂಗೂ ಮನ್ಯಾಗ ಇರ್ತೀರಿ. ಒಂದ್ ನಾಕ್ ತಿಂಗಳ ಪೇಡಾನ್ನ ನೋಡ್ಕೋರಿ," ಎಂದ. 'ಹೆಂಗೂ ಮನ್ಯಾಗ' ಎಂಬುದು ನನಗೆ ಚುಚ್ಚಿತು, ಆದರೆ ಅದು ನಿಜವೇ ಆಗಿತ್ತು.

ಪ್ರತಿ ಭಾನುವಾರ ಅವನು ಅಲ್ಲಿಂದ ಫೋನ್ ಮಾಡುತ್ತಿದ್ದ. ಮಾತೆಲ್ಲ ಹಾವಿನದು. ಬಾಲದಲ್ಲಿ ಗಿಲಕಿ ಕಟ್ಟಿಕೊಂಡ ರ‍್ಯಾಟಲ್ ಸ್ನೇಕ್ ಅಲ್ಲಿ ಮನೆಯಂಗಳಕ್ಕೇ ಬರುತ್ತದಂತೆ. "ಮುಂದ ಪೇಡಾನ್ನ ಇಲ್ಲಿ ಕರ್ಕೊಂಬರಬೇಕಲ್ರಿ, ಈಗಿಂದನ ರೂಢಿ ಮಾಡಸ್ರಿ. ಹಗ್ಗ ಗಿಡ್ಡ ಹಿಡೀರಿ. ದಾರಿ ನಡಬರಕ ನಡೀರಿ. ಹುಲ್ಲಾಗ, ಕಲ್ಲ ಸಂದ್ಯಾಗ ಮೂತಿ ಹಾಕಾಕ ಬಿಡಬ್ಯಾಡ್ರಿ. ಗಿಲಿಗಿಲಿ ಸಪ್ಪಳ ಕೇಳಿದ್ರ ನಿಂತಬಿಡ್ರಿ, ಆಮ್ಯಾಲ ಬಂದ ದಾರೀಲೆ ಸಾವಕಾಶ ಹಿಂದ ಸರೀರಿ. ಕಡದ್ರ ಕುಯ್ಯೂದಿಲ್ಲ, ಕಟ್ಟೂದಿಲ್ಲ, ಎತ್ಕೊಂಡು ಸೀದಾ ಡಾಕ್ಟರ ಕಡೆ."

"ಬಸವರಾಜ್, ನಾವು ಹಾವಿನ ದೇಶದೋರು ಕಣ್ರೀ," ಎಂದು ನಾನು ನಗುತ್ತಿದ್ದೆ. "ಮಿಷಿಗನ್ ಚಳೀಲಿ ಯಾವ ಹಾವು ಬರುತ್ತೆ, ಬಿಡಿ."

ಬರುತ್ತದೆ. ಇಲ್ಲಿನ ಜೌಗುನೆಲದ ಅಂಚಿನಲ್ಲಿ ಎರಡಡಿ ಉದ್ದದ ಒಂದು ನಾಚಿಕೆ ಸ್ವಭಾವದ ರ‍್ಯಾಟಲ್ ಸ್ನೇಕ್ ಇದೆ; ಬೇಸಿಗೆಯಲ್ಲಿ ಬಿಸಿಲು ಕಾಯಲು ಈಚೆ ಬರುತ್ತದೆ. ನಾನು ಪೇಡಾನನ್ನು ಕರೆದೊಯ್ಯುತ್ತಿದ್ದ ಪಾರ್ಕಿನ ಬಾಗಿಲಲ್ಲೇ ಅದರ ಚಿತ್ರವಿರುವ ಫಲಕವಿತ್ತು. ನಾನು ಅದರ ಕಂಬಕ್ಕೆ ಒರಗಿ ಶೂ ಒಳಗೆ ಸೇರಿದ ಕಲ್ಲು ಕೊಡವಿಕೊಳ್ಳುತ್ತಿದ್ದೆ. ಫಲಕಗಳು ಬೇರೆಯವರಿಗಾಗಿ ಎಂಬ ನಂಬಿಕೆಯನ್ನು ನಾನು ಮೈಸೂರಿನಿಂದಲೇ ತಂದಿದ್ದೆ.

ಆ ಸಲ ನಾಗರಪಂಚಮಿಯ ದಿನ ಮೈಸೂರಿನಿಂದ ಅಮ್ಮ ಫೋನ್ ಮಾಡಿದ್ದರು. "ಕೆಲಸ ಹೋಗಿರೋದು ನಾಗದೋಷದಿಂದಾನೇ ಇರ್ಬೇಕು ಕಣೋ. ಅಲ್ಲೆಲ್ಲಾದರೂ ಹುತ್ತ ಇದ್ರೆ ಹಾಲೆರೆದು ಬಾ." ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಹುತ್ತ ಎಲ್ಲಿಂದ ಬರಬೇಕು? ಬೆಳ್ಳಿಯ ನಾಗಪ್ಪನಿಗೆ ಎರಡು ಚಮಚ ಹಾಲೆರೆದು ಮುಗಿಸಿದ್ದೆವು. ದೋಷಗೀಷ ನಂಬುವವನಲ್ಲ ಎಂದು ನಾನು ಸುಮಾಳ ಮುಂದೆ ಜಂಬ ಹೊಡೆದಿದ್ದೆ. ಆದರೆ ಐದು ತಿಂಗಳು ಅಪ್ಲೈ ಮಾಡಿ ಮಾಡಿ ಒಂದು ಇಂಟರ್‌ವ್ಯೂ ಕಾಲ್ ಕೂಡ ಬಾರದ ಮನುಷ್ಯ ಏನನ್ನು ಬೇಕಾದರೂ ನಂಬುತ್ತಾನೆ.

ಮರುದಿನವೇ ನಾಗಪ್ಪ ನನ್ನ ದಾರಿಯಲ್ಲಿ ಸಿಕ್ಕ. ಪಾರ್ಕಿನ ಕಾಲುದಾರಿಯ ಪಕ್ಕ, ಹುಲ್ಲಿನ ಅಂಚಿನಲ್ಲಿ, ಸುರುಳಿ ಸುತ್ತಿ ಮಲಗಿದ್ದ. ಕೀಟ ಗುಂಯ್‌ಗುಟ್ಟಿದಂಥ ಸಣ್ಣ ಸದ್ದು ಕೇಳಿಸಿತು. ಬಸವರಾಜ ಹೇಳಿದ ಒಂದು ಮಾತಾದರೂ ನೆನಪಾಗಬೇಕಿತ್ತು, ಆಗಲಿಲ್ಲ. ನನಗನ್ನಿಸಿದ್ದು, ನಿನ್ನೆಯ ಎರಡು ಚಮಚ ಹಾಲು ಮುಟ್ಟಿದೆ ಎಂದು. ಶೂಗಳ ಹಿಮ್ಮಡಿ ತುಳಿದು ಚಪ್ಪಲಿಯಂತೆ ಹಾಕಿಕೊಳ್ಳುವ ಅಭ್ಯಾಸ ನನಗೆ. ಕ್ಷಣದಲ್ಲಿ ಅವನ್ನು ಕಳಚಿ ಪಕ್ಕಕ್ಕಿಟ್ಟೆ. ಕಣ್ಣು ಮುಚ್ಚಿ, ಎರಡೂ ಕೈ ಜೋಡಿಸಿ, "ಒಂದು ಕೆಲಸ ಕೊಡಿಸಪ್ಪಾ," ಎಂದೆ.

ಮೈಸೂರಿನಲ್ಲಿ ಸ್ಕೂಟರಿನ ಮೇಲೆ ದೇವಸ್ಥಾನ ದಾಟುವವರು ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದನ್ನು ಎದೆಗೆ ಮುಟ್ಟಿಸಿಕೊಂಡು ಹೋಗುತ್ತಾರೆ. ಭಕ್ತಿಗೆ ಅಂಥ ಸಂಕ್ಷಿಪ್ತ ರೂಪ ಇದೆ ಎಂದು ಗೊತ್ತಿದ್ದೂ ನಾನು ಪೂರ್ತಿ ನಮಸ್ಕಾರಕ್ಕೇ ಹೋದೆ. ಹಾವಿಗೆ ಹೊರಗಿವಿ ಇಲ್ಲ, ನೆಲದ ಅದುರು ಅದಕ್ಕೆ ಚೆನ್ನಾಗಿ ತಿಳಿಯುತ್ತದೆ ಎಂದು ಆಮೇಲೆ ಓದಿದೆ. ಅಂದರೆ ಅದಕ್ಕೆ ನನ್ನ ಅರ್ಜಿ ಮುಟ್ಟುವ ಮೊದಲೇ ಪೇಡಾನ ನಾಲ್ಕು ಕಾಲುಗಳ ಸದ್ದು ಮುಟ್ಟಿತ್ತು.

ಕುಂಯ್ ಎಂದದ್ದು ಕೇಳಿ ಕಣ್ಣು ತೆರೆದೆ. ಹಗ್ಗ ನೆಲದ ಮೇಲಿತ್ತು. ಹಾವು ಹುಲ್ಲಿಗೆ ಇಳಿಯುತ್ತಿತ್ತು. ಪೇಡಾ ಮೂತಿಯನ್ನು ಮುಂಗಾಲಿನಿಂದ ಉಜ್ಜಿಕೊಳ್ಳುತ್ತ ನನ್ನ ಹತ್ತಿರವೇ ಓಡಿಬಂದ, ನಾನೇ ಏನಾದರೂ ಮಾಡಬಲ್ಲೆ ಎಂಬಂತೆ. ಎತ್ತಿಕೊಂಡು ಕಾರಿನವರೆಗೆ ಅರ್ಧ ಮೈಲಿ ಓಡಿದೆ. ಡಾಕ್ಟರಲ್ಲಿಗೆ ಮುಟ್ಟುವಷ್ಟರಲ್ಲಿ ಮೂತಿ ತೆಂಗಿನಕಾಯಿಯಷ್ಟು ಊದಿತ್ತು. ವಿಷ ಇಳಿಸುವ ಔಷಧಿ ಕೊಟ್ಟು, "ನಾಳೆಯವರೆಗೆ ಏನೂ ಹೇಳಲಾಗದು," ಎಂದರು. ಅಲ್ಲಿನ ಬೆಂಚಿನ ಮೇಲೆ ಕೂತು ನಾನು ಅತ್ತೆ. ಪೇಡಾ ಬದುಕಲಿ ಎಂದು ಅತ್ತದ್ದು ಅರ್ಧ. ಬಸವರಾಜನಿಗೆ ಏನು ಹೇಳಲಿ ಎಂದು ಅತ್ತದ್ದು ಇನ್ನರ್ಧ. ಎರಡನೆಯದರ ನಾಚಿಕೆ ಇನ್ನೂ ಹೋಗಿಲ್ಲ.

ಏನು ಹೇಳಿದೆ ಗೊತ್ತೇ? "ಪೇಡಾ ಹಗ್ಗ ಕಿತ್ಕೊಂಡು ಓಡಿಬಿಟ್ಟ ಬಸವರಾಜ್, ಹಿಡಿಯಕ್ಕೇ ಆಗಲಿಲ್ಲ." ಬಾಯಿ ಬಾರದ ಪ್ರಾಣಿಯ ಮೇಲೆ ಹೊರಿಸಿದ ಸುಳ್ಳಿಗೆ ಎದುರು ಸಾಕ್ಷಿ ಇರುವುದಿಲ್ಲ. ಅತ್ತ ಕಡೆಯಿಂದ ಅವನು, "ಇರ್ಲಿ ಬಿಡ್ರಿ, ನಿಮಗೇನೂ ಆಗಲಿಲ್ಲಲ್ಲ?" ಎಂದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮನೆಗೆ ಬಂದಾಗ ಅನಘಾ ಕೇಳಿದಳು: "ಅಪ್ಪ, ವೇರ್ ಆರ್ ಯುವರ್ ಶೂಸ್?" ಆಗಲೇ ಕಾಲು ನೋಡಿಕೊಂಡದ್ದು. ಅರ್ಧ ಮೈಲಿ, ಆಸ್ಪತ್ರೆ, ಎಲ್ಲ ಬರಿಗಾಲಿನಲ್ಲೇ. "ಕೆಸರಲ್ಲಿ ಸಿಕ್ಕಿಹಾಕ್ಕೊಂಡ್ವು ಪುಟ್ಟಿ," ಎಂದೆ. ಮರುದಿನ ಹುಡುಕಲು ಅವಳೂ ಬಂದಳು. ದಾರಿಯ ಅಂಚಿನಲ್ಲಿ, ದೇವಸ್ಥಾನದ ಹೊರಗೆ ಬಿಟ್ಟ ಹಾಗೆ, ಎರಡೂ ಶೂ ಜೋಡಿಯಾಗಿ ಕೂತಿದ್ದವು. ನೆಲ ಒಣಗಿ ಬಿರಿದಿತ್ತು. "ದೆರ್ ಈಸ್ ನೋ ಮಡ್ ಹಿಯರ್," ಎಂದು ಅವಳು ನನ್ನ ಮುಖ ನೋಡಿದಳು. ನಾನು ಆಕಾಶ ನೋಡಿದೆ.

ಪೇಡಾ ಬದುಕಿದ. ಬಸವರಾಜ ದೊಡ್ಡ ಮನೆ ಹಿಡಿದ ಮೇಲೆ ಬಂದು ಕರೆದುಕೊಂಡು ಹೋದ. "ಹಾವಿನಿಂದ ದೂರ ಇರೂದು ಕಲ್ಸಾಕ ಸಾಲಿಗೆ ಹಾಕ್ತೀನಿ," ಎಂದ. ಮರುಭೂಮಿಯ ನಾಯಿಗಳೆಲ್ಲ ಆ ಶಾಲೆಗೆ ಹೋಗುತ್ತವಂತೆ. ನನಗೆ ಮಾತ್ರ, ನನ್ನ ಸುಳ್ಳಿಗೆ ನಾಯಿ ಶಿಕ್ಷೆ ಅನುಭವಿಸುತ್ತಿದೆ ಎನಿಸಿತು.

ಎರಡು ವರ್ಷದ ಮೇಲೆ, ನನಗೆ ಹೊಸ ಕೆಲಸ ಸಿಕ್ಕಿದ ಬಳಿಕ, ನಾವು ಬಸವರಾಜನನ್ನು ನೋಡಲು ಅರಿಜೋನಾಕ್ಕೆ ಹೋದೆವು. ಬಿಸಿಲೇರುವ ಮೊದಲೇ ಬಸವರಾಜ ನನ್ನನ್ನೂ ಪೇಡಾನನ್ನೂ ಕರೆದುಕೊಂಡು ಹೊರಟ. ಪಾಪಾಸುಕಳ್ಳಿಗಳ ನಡುವೆ ಅಗಲವಾದ ಮಣ್ಣುದಾರಿ. ಹಗ್ಗ ನನ್ನ ಕೈಗೆ ಕೊಟ್ಟು, "ಎರಡೂ ಕೈಲೆ ಹಿಡೀರಿ," ಎಂದ. ಪೇಡಾ ಒಮ್ಮೆಯೂ ಎಳೆಯಲಿಲ್ಲ. ಇಳಿದ ಮೂತಿಯ ಮೇಲೆ ಒಂದು ಸಣ್ಣ ಬಿಳಿ ಗುರುತು ಉಳಿದಿತ್ತು. ಅದನ್ನು ನೋಡುತ್ತ ಸ್ವಲ್ಪ ದೂರ ನಡೆದದ್ದೇ ನನ್ನಿಂದ ತಡೆಯಲಾಗಲಿಲ್ಲ.

"ಬಸವರಾಜ್, ಅವತ್ತು ಪೇಡಾ ಹಗ್ಗ ಕಿತ್ಕೊಂಡ ಅಂದೆನಲ್ಲ..."

"ನಾಯಿ ಬೆನ್ನ ಹತ್ತಿದವರು ಶೂ ಜೋಡ್ಸಿ ಇಟ್ಟು ಓಡ್ತಾರೇನ್ರೀ?" ಎಂದ ಅವನು, ದಾರಿಯಿಂದ ಕಣ್ಣು ತೆಗೆಯದೆ. "ನಿಮ್ಮ ಮಗಳು ಅದ ವಾರ ಫೋನಿನ್ಯಾಗ ಹೇಳಿದ್ಲು. ಪಂಚಮಿ ಮರುದಿನ ಬ್ಯಾರೆ. ಕೈ ಮುಗದ್ರಿ, ಹೌದಲ್ಲೋ?"

ತಲೆಯಾಡಿಸಿದೆ. ಎರಡು ವರ್ಷ ಎಲ್ಲ ಗೊತ್ತಿದ್ದೂ ಅವನು ನನ್ನ ಮರ್ಯಾದೆ ಕಾಪಾಡಿದ್ದ. ನಾನು ಪೇಡಾನ ಮರ್ಯಾದೆ ಕಳೆದಿದ್ದೆ.

"ಏನ ಬೇಡ್ಕೊಂಡ್ರಿ?"

"ಒಂದು ಕೆಲಸ."

ಬಸವರಾಜ ನಿಂತ. ನಗುತ್ತಾನೆ ಅಂದುಕೊಂಡೆ, ನಗಲಿಲ್ಲ. "ಕೆಲಸ ನಿಮ್ಮ ಕೈಯಾಗನ ಇತ್ತಲ್ರೀ, ಮೂರ್ತಿಯವರ," ಎಂದ.

ನಾನು ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡು, ದಾರಿಯ ನಡುವಿನಲ್ಲೇ ಪೇಡಾನ ಹಿಂದೆ ನಡೆದೆ.