ಬೀಗದಣ್ಣನ ಬೇಹುಗಾರಿಕೆ

ಮಹಡಿ ಮೆಟ್ಟಿಲಿನ ಕೆಳಗೆ, ಕಪಾಟಿನಷ್ಟೇ ಅಗಲದ ಅಂಗಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಬೀಗ ರಿಪೇರಿ ಮಾಡುತ್ತ ಕೂತವನನ್ನು ಬೀದಿಯವರೆಲ್ಲ ಕರೆಯುವುದು ಬೀಗದಣ್ಣ ಎಂದು. ಕೀಲಿ ಕಳೆದುಕೊಂಡವರಿಗೆ, ಕೀಲಿ ಒಳಗೇ ಬಿಟ್ಟು ಬಾಗಿಲೆಳೆದುಕೊಂಡವರಿಗೆ ಅವನೇ ದಿಕ್ಕು. ಅವನದೊಂದು ಕಟ್ಟುನಿಟ್ಟಿತ್ತು. ಯಜಮಾನರು ಎದುರಿಗಿಲ್ಲದೆ ಯಾವ ಬೀಗವನ್ನೂ ತೆಗೆಯುತ್ತಿರಲಿಲ್ಲ. ತೆಗೆದ ಮೇಲೂ ಬಾಗಿಲು ತಳ್ಳದೆ, ಬೀದಿಗೆ ಮುಖ ಮಾಡಿ ನಿಂತುಬಿಡುತ್ತಿದ್ದ. "ಯಜಮಾನರು ಒಳಗೆ ಹೋಗಲಿ" ಎನ್ನುತ್ತಿದ್ದ. ಒಮ್ಮೆ ಒಬ್ಬಾಕೆ ಗಂಡನ ಪೆಟ್ಟಿಗೆಯನ್ನು ಸೀರೆಯಲ್ಲಿ ಸುತ್ತಿಕೊಂಡು ಬಂದಾಗ, "ಅವರನ್ನೂ ಕರ್ಕೊಂಡು ಬನ್ನಿ ಅಮ್ಮ" ಎಂದು ಪೆಟ್ಟಿಗೆ ಸಮೇತ ವಾಪಸು ಕಳಿಸಿದ್ದ. ಈ ನೇಮದ ಬಗ್ಗೆ ಅವನಿಗೆ ಒಂದಿಷ್ಟು ಜಂಬವೂ ಇತ್ತು. ಆ ಜಂಬ ಇಳಿದದ್ದು ಮನೆಯಲ್ಲೇ.

ಒಬ್ಬಳೇ ಮಗಳು, ಹದಿಮೂರು ವರ್ಷ, ಮನೆಯಲ್ಲಿ ಕರೆಯುವುದು ಗುಬ್ಬಿ ಎಂದು. ಇತ್ತೀಚೆಗೆ ಅವಳು ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದಳು. ಅದನ್ನು ನೋಡಿ ಹೆಂಡತಿಯ ಅಕ್ಕ ಬೀಗದಣ್ಣನ ತಲೆಗೆ ಹುಳ ಬಿಟ್ಟಳು.

"ನನ್ನ ಮಕ್ಕಳ ಕಂಪ್ಯೂಟರ್‌ಗೆ ನಾನು ನಿಗಾ ಇಡೋ ಸಾಫ್ಟ್‌ವೇರ್ ಹಾಕ್ಸಿದೀನಿ. ಏನು ಹುಡುಕಿದ್ರೂ ನನ್ನ ಫೋನಿಗೆ ಬರುತ್ತೆ. ನೀವು ಊರಿಗೆಲ್ಲ ಬೀಗ ಮಾಡ್ತೀರಿ, ನಿಮ್ಮನೇಲಿ ಬಾಗಿಲು ಹಾರು ಹೊಡ್ಕೊಂಡಿದೆ!"

"ಬೇಡ ರೀ," ಎಂದಳು ಹೆಂಡತಿ, ಹೊಲಿಗೆ ಯಂತ್ರ ನಿಲ್ಲಿಸಿ. "ಕೇಳಿದ್ರೆ ಅವಳೇ ಹೇಳ್ತಾಳೆ."

ಆದರೆ ಹುಳ ಆಗಲೇ ಒಳಗೆ ಸೇರಿತ್ತು. ತೊಡಕೇನೆಂದರೆ, ಆ ಮನೆಯಲ್ಲಿ ಫೋನು ಕೆಡಲಿ, ಕಂಪ್ಯೂಟರ್ ಕೆಡಲಿ, ಸರಿ ಮಾಡುವವಳು ಗುಬ್ಬಿಯೇ. ಅವಳ ಮೇಲೆ ಬೇಹುಗಾರಿಕೆ ಮಾಡಿಕೊಡೆಂದು ಅವಳನ್ನೇ ಕೇಳುವುದು ಹೇಗೆ? ಅವಳು ಶಾಲೆಗೆ ಹೋದ ಮೇಲೆ ಬೀಗದಣ್ಣ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ, ಕಂಕುಳಲ್ಲಿ ಇರುಕಿಕೊಂಡು, ಎದುರಿನ ಮೊಬೈಲ್ ಅಂಗಡಿಗೆ ಒಯ್ದ. ಗಂಡನ ಪೆಟ್ಟಿಗೆ ತಂದಾಕೆಯೂ ಹೀಗೇ ಬಂದಿದ್ದಳೆಂಬುದು ಆಗ ಮಹಾನುಭಾವನ ನೆನಪಿಗೆ ಬರಲಿಲ್ಲ.

ಅರ್ಧ ಗಂಟೆಯಲ್ಲಿ ಕೆಲಸವಾಯಿತು. "ದಿನಾ ಸಂಜೆ ನಿಮ್ಮ ಫೋನಿಗೆ ವರದಿ ಬರುತ್ತೆ, ಓದ್ಕೊಳ್ಳಿ" ಎಂದ ಅಂಗಡಿಯವ.

"ಇಷ್ಟು ಸಣ್ಣ ಅಕ್ಷರಾನ ಯಾರು ಓದ್ತಾರಪ್ಪ? ಈ ಕಂಪನಿಯವರಿಗೆ ಬುದ್ಧಿ ಇಲ್ಲ."

ಇತ್ತೀಚೆಗೆ ಬೀಗದಣ್ಣನ ಪ್ರಕಾರ ಯಾವ ಕಂಪನಿಗೂ ಬುದ್ಧಿ ಇರಲಿಲ್ಲ. ಪತ್ರಿಕೆಯವರು ಶಾಯಿ ಉಳಿಸುತ್ತಿದ್ದರು; ಬೀದಿ ದೀಪದವರು ಎಂಥದೋ ಕಳಪೆ ಬಲ್ಬು ಹಾಕಿ, ಒಂದೊಂದರ ಸುತ್ತಲೂ ಬೆಳಕಿನ ಬಳೆ ತೊಡಿಸಿದ್ದರು. ಅವನ ಕೆಲಸವೇನೋ ಬೆರಳಿನಲ್ಲೇ ನಡೆಯುತ್ತಿತ್ತು, ಹಾಗಾಗಿ ಗಿರಾಕಿಗಳಿಗೆ ಏನೂ ಗೊತ್ತಾಗಿರಲಿಲ್ಲ. ಅಂಗಡಿಯವ ವರದಿಯನ್ನು ಫೋನೇ ಗಟ್ಟಿಯಾಗಿ ಓದಿ ಹೇಳುವಂತೆ ಮಾಡಿಕೊಟ್ಟ.

ಮೊದಲ ವರದಿ ಬಂದಾಗ ಎದುರಿಗೆ ನಕಲಿ ಕೀಲಿಗಾಗಿ ಕಾಯುತ್ತಿದ್ದ ಮುದುಕರೊಬ್ಬರಿದ್ದರು. ಫೋನು ಇಡೀ ಬೀದಿಗೆ ಕೇಳುವಂತೆ ಸಾರಿತು: "ನಿಮ್ಮ ಮಗು ಇಂದು ಒಂದು ಗಂಟೆ ಕಂಪ್ಯೂಟರ್ ಬಳಸಿದೆ. ನಿಮ್ಮ ಮಗು ಹುಡುಕಿದ್ದು: ಆನೆ ಎಷ್ಟು ಹೊತ್ತು ಮಲಗುತ್ತದೆ."

"ಎಷ್ಟು ಹೊತ್ತಂತೆ?" ಎಂದರು ಮುದುಕರು, ಆಸೆಯಿಂದ.

"ಅದು ಹೇಳಲ್ಲ ಯಜಮಾನ್ರೇ. ಹುಡುಕಿದ್ದು ಮಾತ್ರ ಹೇಳುತ್ತೆ."

"ಮತ್ತೆ ಏನು ಸುಖ ಇದರಿಂದ?"

ನಾಲ್ಕನೆಯ ದಿನ ಫೋನು ಅದೇ ಸಪ್ಪೆ ದನಿಯಲ್ಲಿ ಹೇಳಿತು: "ನಿಮ್ಮ ಮಗು ಹುಡುಕಿದ್ದು: ದೀಪದ ಸುತ್ತ ಬಳೆ ಕಾಣುವುದು ಏಕೆ. ಕಣ್ಣು ಮಂಜಾಗುವುದು. ದೃಷ್ಟಿ ಪೂರ್ತಿ ಹೋಗುತ್ತದೆಯೇ. ಅಪ್ಪನಿಗೆ ಹೇಗೆ ಹೇಳುವುದು."

ಕೀಲಿ ಉಜ್ಜುತ್ತಿದ್ದ ಅರ ಬೀಗದಣ್ಣನ ಕೈಯಿಂದ ಜಾರಿ ಬಿತ್ತು. ಮಗಳ ಕಣ್ಣು! ಎದ್ದು ಓಡಿಹೋಗಿ ಕೇಳೋಣವೆಂದರೆ, ನಿನಗೆ ಹೇಗೆ ಗೊತ್ತಾಯಿತು ಎಂದು ತಿರುಗಿ ಕೇಳುತ್ತಾಳೆ. ಗೊತ್ತಿದ್ದೂ ಕೇಳಲಾರದ ಪೇಚು ಅದು. ಅವಳ ಕಣ್ಣು ಹೋಗುವುದಾದರೆ ನನ್ನ ಕಣ್ಣನ್ನೇ ಕೊಟ್ಟುಬಿಡುತ್ತೇನೆ ಎಂದು ಅಲ್ಲೇ ಮನಸ್ಸಿನಲ್ಲಿ ತೀರ್ಮಾನಿಸಿದ. ಪಾಪ, ಕೊಡುವ ಮಾಲು ಹೇಗಿದೆಯೆಂದು ಅವನಿಗೆ ಗೊತ್ತಿರಲಿಲ್ಲ.

ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದ, "ಗುಬ್ಬೀ, ಅಪ್ಪನ ಹತ್ರ ಏನಾದ್ರೂ ಹೇಳೋದಿದ್ಯಾ?"

ಅವಳು ತುತ್ತು ಕೈಯಲ್ಲೇ ಹಿಡಿದು ಅವನ ಮುಖ ನೋಡಿದಳು. "ಇಲ್ಲಪ್ಪ. ನಿನಗೆ ಏನಾದ್ರೂ ಹೇಳೋದಿದ್ಯಾ?"

"ನನಗೇನು? ನನಗೇನೂ ಇಲ್ಲ."

ಊಟವಾದ ಮೇಲೆ ಕೋಣೆಯ ಆ ಮೂಲೆಯಿಂದ ಮೂರು ಬೆರಳೆತ್ತಿ ತೋರಿಸಿದ. "ಇದೆಷ್ಟು ಹೇಳು?"

"ಅಪ್ಪಾ, ನಾನು ಎಂಟನೇ ಕ್ಲಾಸು."

ಮರುದಿನ ಒಂದು ಸುಳ್ಳು ಹೊಸೆದ: ಮಕ್ಕಳ ಕಣ್ಣು ತೋರಿಸಬೇಕೆಂದು ಎಲ್ಲ ಕಡೆ ಹೇಳುತ್ತಿದ್ದಾರೆ, ನಡಿ ಹೋಗೋಣ. ಅವಳು ಹಟ ಮಾಡುತ್ತಾಳೆಂದು ಹೆದರಿದ್ದ. ಅವಳು ಅವನಿಗಿಂತ ಮೊದಲೇ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಿಂತಿದ್ದಳು.

ಕಣ್ಣಿನ ಡಾಕ್ಟರಮ್ಮ ಗುಬ್ಬಿಯನ್ನು ಕೂರಿಸಿ ಗೋಡೆಯ ಬೋರ್ಡು ಓದಿಸಿದರು. ಅವಳು ಮೇಲಿನ ದೊಡ್ಡಕ್ಷರದಿಂದ ಹಿಡಿದು ಕೆಳಗಿನ ಇರುವೆ ಸಾಲಿನವರೆಗೂ ಗಟ್ಟಿಯಾಗಿ ಓದಿ, ತಳದಲ್ಲಿದ್ದ ಮುದ್ರಣಾಲಯದ ಹೆಸರನ್ನೂ ಬಿಡಲಿಲ್ಲ.

"ಇವಳಿಗೆ ಹದ್ದಿನ ಕಣ್ಣು. ಯಾಕೆ ಕರ್ಕೊಂಡು ಬಂದ್ರಿ?"

"ಮತ್ತೆ, ಇವಳಿಗೆ ದೀಪದ ಸುತ್ತ ಬಳೆ ಕಾಣುತ್ತಲ್ಲ ಡಾಕ್ಟ್ರೇ?" ಎಂದುಬಿಟ್ಟ.

ಗುಬ್ಬಿ ಮೆಲ್ಲಗೆ ತಿರುಗಿದಳು. "ನಾನು ಅದನ್ನ ಯಾರಿಗೂ ಹೇಳಿಲ್ವಲ್ಲ."

ಬೀಗದಣ್ಣನ ಮುಖ ಹುಳ್ಳಗಾಯಿತು.

"ಬಳೆ ಕಾಣೋದು ನಿನಗೆ ಅಪ್ಪಾ," ಎಂದಳು. "ಬೀದಿ ದೀಪ ನೋಡಿ ಬೈತಿರ್ತೀಯಲ್ಲ. ಮೊನ್ನೆ ನಮ್ಮನೆ ಬೀಗದ ತೂತನ್ನೇ ಬೆರಳಲ್ಲಿ ತಡಕ್ತಿದ್ದೆ. ಹೇಳಿದ್ರೆ ನಿನಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ."

"ಬನ್ನಿ, ನೀವೇ ಕೂತ್ಕೊಳ್ಳಿ" ಎಂದರು ಡಾಕ್ಟರಮ್ಮ.

"ನನಗೇನಾಗಿದೆ?" ಎಂದು ಎದೆಯುಬ್ಬಿಸಿ ಕೂತ ಬೀಗದಣ್ಣ ಮೇಲಿನಿಂದ ಕೆಳಗಿನವರೆಗೆ ಒಂದು ತಪ್ಪಿಲ್ಲದೆ ಒಪ್ಪಿಸಿದ. ಡಾಕ್ಟರಮ್ಮ ಸದ್ದಿಲ್ಲದೆ ಬೋರ್ಡು ಬದಲಾಯಿಸಿ, "ಇನ್ನೊಂದ್ಸಲ" ಎಂದರು. ಮುದ್ರಣಾಲಯದ ಹೆಸರೂ ಸೇರಿ, ಅದನ್ನೇ ಮತ್ತೆ ಒಪ್ಪಿಸಿದ.

"ಬೋರ್ಡು ಬೇರೆ ಹಾಕಿ ಆಯ್ತಲ್ಲ," ಎಂದರು ಅವರು, ನಗು ತಡೆದುಕೊಂಡು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ತೆಗೆಸಿಕೊಂಡರೆ ಸರಿಹೋಗುತ್ತದೆ, ತಡ ಮಾಡಬಾರದು ಎಂದರು.

ವಾಪಸು ಬರುವಾಗ ಗುಬ್ಬಿ ಅಪ್ಪನ ಕೈ ಹಿಡಿದೇ ರಸ್ತೆ ದಾಟಿಸಿದಳು. ಆಚೆ ದಡ ಸೇರಿದ ಮೇಲೆ ಕೇಳಿದಳು, "ನಾನು ಹುಡುಕಿದ್ದೆಲ್ಲ ನಿನಗೆ ಬರುತ್ತಾ?"

"ಐದು ದಿನದಿಂದ."

"ಎಲ್ಲಾನೂ?"

"ಆನೆದೂ ಬಂದಿತ್ತು."

ಅವಳು ಕೈ ಬಿಟ್ಟಳು. "ಯಜಮಾನರು ಎದುರಿಗಿದ್ರಾ ಅಪ್ಪಾ?"

ಇಪ್ಪತ್ತಾರು ವರ್ಷದಲ್ಲಿ ಯಾರೂ ಅವನನ್ನು ಹಾಗೆ ಕೇಳುವ ಪ್ರಸಂಗ ಬಂದಿರಲಿಲ್ಲ. ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು.

ಅಂದಿನಿಂದ ಗುಬ್ಬಿ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳು. ಹೊತ್ತಿಗೆ ಸರಿಯಾಗಿ ಕಣ್ಣಿಗೆ ಔಷಧಿ ಹಾಕಿದಳು, ಹಾಕಿ ಎದ್ದುಹೋದಳು. ಒಂದು ಕಣ್ಣಿನ ಪೊರೆ ತೆಗೆದು ಪಟ್ಟಿ ಬಿಚ್ಚಿದ ದಿನ ಬೀಗದಣ್ಣ ಫೋನು ನೋಡಿದ. ಅಕ್ಷರ ಸರಿಯಾಗಿಯೇ ಇತ್ತು. ಕಂಪನಿಯವರಿಗೆ ಬುದ್ಧಿ ಬಂದಿತ್ತು. ಬಂದು ಬಿದ್ದಿದ್ದ ವರದಿಗಳಲ್ಲಿ ಒಂದನ್ನೂ ತೆರೆಯದೆ, ಫೋನನ್ನೂ ಲ್ಯಾಪ್‌ಟಾಪನ್ನೂ ತಂದು ಮಗಳ ಮುಂದಿಟ್ಟ.

"ತೆಗೆದುಬಿಡು ಮಗಳೇ. ತಪ್ಪಾಯ್ತು."

"ಪಾಸ್‌ವರ್ಡ್ ಏನು?"

"ನೀನು ಹುಟ್ಟಿದ ದಿನ."

"ಬೀಗದವನಾಗಿ ಇಂಥ ಕೀಲಿನಾ?" ಎಂದು ಗೊಣಗುತ್ತ ಅವಳು ಒತ್ತತೊಡಗಿದಳು. ಸ್ವಲ್ಪ ಹೊತ್ತಿಗೆ ತಲೆಯೆತ್ತಿ ನೋಡಿದರೆ, ಅಪ್ಪ ಅವಳಿಗೆ ಬೆನ್ನು ಮಾಡಿ ಗೋಡೆಯನ್ನೇ ನೋಡುತ್ತ ನಿಂತಿದ್ದ.

"ಗೋಡೇಲಿ ಏನಿದೆ ಅಪ್ಪಾ?"

"ಏನಿಲ್ಲ. ಯಜಮಾನರು ಒಳಗೆ ಹೋಗಲಿ ಅಂತ."

ಹಿಂದೆ ಒತ್ತುವ ಸದ್ದು ನಿಂತಿತು. ಬೀಗದಣ್ಣ ತಿರುಗಲಿಲ್ಲ.

"ಎರಡೇ ಗಂಟೆ ಅಂತೆ," ಎಂದಳು ಮಗಳು.

"ಏನು?"

"ಕಾಡಲ್ಲಿರೋ ಆನೆ ಮಲಗೋದು."