ಕುಂಕುಮ ನಿಲ್ಲದ ದೋಣಿ

ದೋಣಿಯ ತಳಕ್ಕೆ ಪಾಚಿ, ಚಿಪ್ಪು ಅಂಟದಂತೆ ತಡೆಯುವ ಬಣ್ಣ ಮಾರುವುದು ನನ್ನ ಕೆಲಸ. ಮಾವಿನಕುರ್ವೆಯಲ್ಲಿ ಒಂದು ದೋಣಿಗೆ ಹಚ್ಚಿ, "ಇದರ ಮೇಲೆ ನೊಣ ಕೂತರೂ ಜಾರಿ ಬೀಳ್ತದೆ" ಎಂದು ಕೊಚ್ಚಿಕೊಂಡೂ ಬಿಟ್ಟಿದ್ದೆ.

ಆಮೇಲೆ ದೋಣಿ ನೀರಿಗಿಳಿಸುವ ಪೂಜೆ. ಮೂತಿ ನೀರನ್ನು ಸೀಳುವ ಜಾಗಕ್ಕೆ ಮಾಲೀಕನ ತಾಯಿ ದೇವಮ್ಮ ಎಣ್ಣೆಯಲ್ಲಿ ಕಲಸಿದ ಕುಂಕುಮ ಇಟ್ಟರು. ಅದು ಮೆಲ್ಲಗೆ ಜಾರಿ ಮರಳಿಗೆ ಬಿತ್ತು. ಮೂರು ಸಲ ಇಟ್ಟರು, ಮೂರು ಸಲವೂ ಬಿತ್ತು. ಪೇಟೆಯಲ್ಲಿ ಹೇಳುವಾಗ ನಾನು ಏಳು ಸಲ ಎನ್ನುತ್ತೇನೆ.

"ಎಂತ ಬಳದ್ಯೋ ತಮಾ? ಕುಂಕುಮ ನಿಲ್ಲದ ದೋಣಿಲಿ ನನ್ನ ಮಗ ಸಮುದ್ರಕ್ಕೆ ಹೋಗೂದಿಲ್ಲ. ಪೂರಾ ಕೆರೆದು ತೆಗಿ!"

"ಅಮ್ಮಾ, ಪಾಚಿಯೂ ಹೀಂಗೇ ಜಾರ್ತದೆ."

"ದೇವರ ಕುಂಕುಮ, ಪಾಚಿ ಎರಡೂ ಒಂದೇಯನಾ ನಿಂಗೆ?"

ಕೊನೆಗೆ ಅಂಗೈಯಗಲ ಜಾಗ ಮಾತ್ರ ಕೆರೆದೆ. ಕುಂಕುಮ ನಿಂತಿತು, ದೋಣಿ ಹೊರಟಿತು.

ಮಳೆಗಾಲಕ್ಕೆ ದೋಣಿಯನ್ನು ದಡಕ್ಕೆಳೆದಾಗ ತಳವೆಲ್ಲ ನುಣುಪಾಗಿತ್ತು. ಕೆರೆದ ಜಾಗದಲ್ಲಿ ಮಾತ್ರ ಚಿಪ್ಪು ಒತ್ತಾಗಿ ಬೆಳೆದಿತ್ತು. ನನ್ನ ಬಣ್ಣದ ಹೆಚ್ಚುಗಾರಿಕೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ದೇವಮ್ಮ ಮಗನಿಗೆ ತೋರಿಸಿದರು: "ನೋಡಾ, ದೇವರು ಎಲ್ಲಾ ಚಿಪ್ಪನ್ನೂ ತನ್ನ ಮೈಮೇಲೇ ತಕಂಡ!"

ಈಗ ಹೊನ್ನಾವರದಿಂದ ಭಟ್ಕಳದವರೆಗೆ ಪ್ರತಿ ದೋಣಿಗೂ ಅಂಗೈಯಗಲ ಬಿಟ್ಟೇ ಬಣ್ಣ ಹಚ್ಚುತ್ತೇನೆ. ಯಾಕೆಂದು ಕೇಳಿದರೆ, ಕಂಪನಿಯ ನಿಯಮ ಎನ್ನುತ್ತೇನೆ.